ಅಡುಗೆ ಸರೋಜಮ್ಮನ ಮೋಟಾರು ಕಾಲು

2022ರ ಕೊನೆಯಲ್ಲಿ ನಾನು ಕೊಪ್ಪಕ್ಕೆ ಬಂದಾಗ ನನ್ನ ಹುದ್ದೆಯ ಹೆಸರು ಫೀಲ್ಡ್ ಟ್ರಯಲ್ ಕೋಆರ್ಡಿನೇಟರ್. ಅದಕ್ಕೆ ಮೊದಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪ್ರಾಸ್ತೆಟಿಸ್ಟ್ ಆಗಿದ್ದೆ. ಕಾಲು ಕಳೆದುಕೊಂಡವರ ಅಳತೆ ತೆಗೆದು, ಕೃತಕ ಕಾಲು ಜೋಡಿಸಿ, ಅದರ ಮೇಲೆ ನಡೆಯುವುದನ್ನು ಕಲಿಸುವುದು ನನ್ನ ಕೆಲಸ. ಬೆಂಗಳೂರಿನ ಒಂದು ಸಣ್ಣ ಕಂಪನಿ ಮೋಟಾರು ಇರುವ ಮಂಡಿಯೊಂದನ್ನು ತಯಾರಿಸಿತ್ತು. ನುಣುಪಾದ ನೆಲದ ಲ್ಯಾಬಿನಲ್ಲಿ ಅದು ಚೆನ್ನಾಗಿ ನಡೆಯುತ್ತಿತ್ತು. ಏರು, ಇಳಿಜಾರು, ಪಾಚಿ ಕಟ್ಟಿದ ಮೆಟ್ಟಿಲು ಇರುವ ಊರಿನಲ್ಲಿ ಹೇಗೆ ನಡೆಯುತ್ತದೆ ಎಂದು ನೋಡಬೇಕಿತ್ತು. ನನ್ನ ತವರು ನರಸಿಂಹರಾಜಪುರ. ಕೊಪ್ಪದ ಸುತ್ತಲಿನ ತಾಲ್ಲೂಕುಗಳ ರಸ್ತೆ, ಬಸ್ಸು, ಜನ ಎಲ್ಲ ಗೊತ್ತಿದ್ದವಳೆಂದು ನನ್ನನ್ನು ಕರೆದರು.

ಸಾಮಾನ್ಯ ಕೃತಕ ಮಂಡಿ ಬಾಗಿಲಿನ ಕೀಲು ಇದ್ದ ಹಾಗೆ. ತೊಡೆಯಿಂದ ಬೀಸಿದರೆ ಮುಂದೆ ಬರುತ್ತದೆ, ಅಷ್ಟೆ. ಕುರ್ಚಿಯಿಂದ ಏಳುವಾಗ, ಮೆಟ್ಟಿಲು ಹತ್ತುವಾಗ ಅದು ಏನೂ ಸಹಾಯ ಮಾಡುವುದಿಲ್ಲ. ಭಾರವೆಲ್ಲ ಒಳ್ಳೆಯ ಕಾಲಿನ ಮೇಲೇ ಬೀಳುತ್ತದೆ. ನಾವು ಪರೀಕ್ಷಿಸುತ್ತಿದ್ದ ಮಂಡಿಯಲ್ಲಿ ಬ್ಯಾಟರಿ, ಮೋಟಾರು, ಕಾಲು ಯಾವ ಕೋನದಲ್ಲಿದೆ ಎಂದು ತಿಳಿಯುವ ಸೆನ್ಸರುಗಳು ಇದ್ದವು. ಏಳಲು ಹೊರಟರೆ ಅದೇ ಕೆಳಗಿನಿಂದ ಒತ್ತು ಕೊಡುತ್ತಿತ್ತು.

ಟ್ರಯಲ್ಲಿಗೆ ಒಪ್ಪಿದವರು ಕೆಲವೇ ಮಂದಿ. ಅವರಲ್ಲಿ ನಾನು ಎಂದೂ ಮರೆಯದವರು ಮೇಗುಂದದ ಸರೋಜಮ್ಮ.

ಸರೋಜಮ್ಮನಿಗೆ ಆಗ ನಲವತ್ತೆಂಟು ವಯಸ್ಸು. ಹದಿನಾರನೇ ವಯಸ್ಸಿಗೆ ಮದುವೆಮನೆಗಳಲ್ಲಿ ಪಾತ್ರೆ ತೊಳೆಯಲು ಹೋದವರು, ಆಮೇಲೆ ಕಾಯಿ ತುರಿದು, ಮಸಾಲೆ ರುಬ್ಬಿ, ಕೊನೆಗೆ ತಮ್ಮದೇ ಹೆಂಗಸರ ತಂಡ ಕಟ್ಟಿ ಊಟದ ಆರ್ಡರು ಹಿಡಿಯತೊಡಗಿದ್ದರು. ಗೃಹಪ್ರವೇಶ, ನಿಶ್ಚಿತಾರ್ಥ, ತಿಥಿ, ಸಂಘದ ವಾರ್ಷಿಕೋತ್ಸವ, ಏನಿದ್ದರೂ ಕೊಪ್ಪದ ಸುತ್ತಮುತ್ತ ‘ಅಡುಗೆ ಸರೋಜಮ್ಮ’ ಎಂದರೆ ಗೊತ್ತು. ಒಂದು ಸಂಜೆ ಊಟ ಮುಗಿಸಿ ಬರುವಾಗ ಪಾತ್ರೆಗಳನ್ನು ಹೇರಿದ್ದ ಟೆಂಪೋ ತಿರುವಿನಲ್ಲಿ ಮಗುಚಿತು. ಹಿಂದೆ ಕೂತಿದ್ದ ಅವರ ಬಲಗಾಲಿನ ಮೇಲೆ ದೊಡ್ಡ ಕೊಪ್ಪರಿಗೆ ಬಿತ್ತು. ಮಂಡಿಯ ಮೇಲಿನಿಂದ ಕಾಲು ತೆಗೆಯಬೇಕಾಯಿತು.

ತಂಡ ಒಡೆಯಲಿಲ್ಲ. ಜೊತೆಗಾತಿ ಲಲಿತಾ ಅದನ್ನು ನಡೆಸಿಕೊಂಡು ಹೋದಳು. ಸರೋಜಮ್ಮ ಸಾಮಾನ್ಯ ಕೃತಕ ಕಾಲು ಹಾಕಿಕೊಂಡು ಹೋಗಿ ಒಂದು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದರು. ಮೊದಲ ಭೇಟಿಯಲ್ಲಿ ನಾನು, ನಿಮಗೆ ಈ ಕಾಲಿನಿಂದ ಏನಾಗಬೇಕು ಎಂದು ಕೇಳಿದೆ. ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಹೆಚ್ಚಿನವರು ನಡೆಯಬೇಕು ಎನ್ನುತ್ತಾರೆ.

“ನಿಲ್ಲಬೇಕು,” ಎಂದರು ಸರೋಜಮ್ಮ. “ನಡೆಯೋದು ಹೆಂಗೋ ಆಗ್ತದೆ. ಒಲೆ ಮುಂದೆ ನಿಂತ್ಕೊಂಡು ಒಗ್ಗರಣೆ ಹಾಕಬೇಕು. ಕೂತು ಹೇಳಿದ್ರೆ ಯಾರೂ ಕೇಳಲ್ಲ ಮಾರಾಯ್ತಿ, ನಿಂತು ಹೇಳಬೇಕು.”

ಅವರಿಗೆ ಕಾಲು ಕೊಡುವ ಮೊದಲೇ ನನಗೂ ಕಂಪನಿಗೂ ಒಂದು ಜಟಾಪಟಿ ನಡೆಯಿತು. ಕಂಪನಿಯ ಕಡೆಯಿಂದ ಬರುತ್ತಿದ್ದ ಎಂಜಿನಿಯರ್ ಪ್ರಣವ್. ಮೂವತ್ತು ದಾಟಿದವನು, ಆ ಮಂಡಿಯ ಒಂದೊಂದು ಸ್ಕ್ರೂ ಕೂಡ ಅವನಿಗೆ ಗೊತ್ತು. ಕೊಪ್ಪದ ಕ್ಲಿನಿಕ್ಕೊಂದರ ಹಿಂದೆ ನಾವು ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ ಅವನು ಕಾಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಾಗ ನಾನು ಕೇಳಿದ್ದು ಒಂದೇ ಮಾತು. ಬ್ಯಾಟರಿ ನಿಂತರೆ, ಅಥವಾ ಬೇರೆ ಏನೋ ಆಗಿ ಮೋಟಾರು ಆಫ್ ಆದರೆ, ಮಂಡಿ ಏನು ಮಾಡುತ್ತದೆ?

“ಫ್ರೀ ಆಗುತ್ತೆ ಮೇಡಂ. ಸಾಮಾನ್ಯ ಕಾಲಿನ ಹಾಗೆ ಬೀಸಿಕೊಂಡು ಮನೆಗೆ ನಡೆದು ಹೋಗಬಹುದು.”

“ಅದರ ಮೇಲೆ ಭಾರ ಹಾಕಿ ನಿಂತಿದ್ದಾಗ ಫ್ರೀ ಆದರೆ?”

ಅವನು ಮೇಜಿನ ಮೇಲಿದ್ದ ಒಂದು ಮಂಡಿಯನ್ನು ಬಗ್ಗಿಸಿ ನೋಡಿದ. ಆಮೇಲೆ, ಹಾಗಾಗುವ ಮೊದಲೇ ಅಲಾರಂ ಬರುತ್ತದೆ ಎಂದ. ನಾನು ಆಸ್ಪತ್ರೆಯಲ್ಲಿ ಬಿದ್ದವರನ್ನು ನೋಡಿದವಳು. ಅಲಾರಂ ಕೇಳಿ ಅರ್ಥ ಮಾಡಿಕೊಳ್ಳುವುದಕ್ಕೂ ಸಮಯ ಬೇಕು, ಬೀಳುವುದಕ್ಕೆ ಅಷ್ಟು ಸಮಯ ಬೇಕಾಗುವುದಿಲ್ಲ. ಹಾಗಾದರೆ ಪೂರ್ತಿ ಲಾಕ್ ಮಾಡಿಬಿಡೋಣವೇ ಎಂದು ಅವನು ಕೇಳಿದ. ಅದೂ ಅಪಾಯವೇ. ನಡೆಯುತ್ತಿರುವಾಗ ಮಂಡಿ ಕೋಲಿನ ಹಾಗೆ ಸೆಟೆದುಕೊಂಡರೆ ಮುಗ್ಗರಿಸುವುದು ಖಂಡಿತ.

ಎರಡು ದಿನ ಚರ್ಚೆ ಮಾಡಿ ನಾವು ನಡುವಿನ ದಾರಿಗೆ ಬಂದೆವು. ಮಂಡಿಯೊಳಗೆ ಮೋಟಾರಿನ ಜೊತೆಗೆ ಎಣ್ಣೆ ತುಂಬಿದ ಒಂದು ಸಿಲಿಂಡರ್ ಇತ್ತು. ಎಣ್ಣೆ ಹರಿಯುವ ವಾಲ್ವ್ ಅಗಲವಾಗಿ ತೆರೆದಿದ್ದರೆ ಮಂಡಿ ಸಲೀಸಾಗಿ ಬಗ್ಗುತ್ತದೆ, ಕಿರಿದಾದರೆ ಬಿಗಿಯಾಗುತ್ತದೆ. ಕರೆಂಟು ಹೋದ ಕೂಡಲೇ ಆ ವಾಲ್ವ್ ತಾನಾಗಿಯೇ ಕಿರಿದಾಗುವಂತೆ ಸ್ಪ್ರಿಂಗನ್ನು ಬದಲಾಯಿಸಬೇಕು. ಆಗ ಮಂಡಿ ಕುಸಿಯುವುದೂ ಇಲ್ಲ, ಸೆಟೆಯುವುದೂ ಇಲ್ಲ. ಭಾರ ಬಿದ್ದರೆ ಮೆಲ್ಲಗೆ ಮಣಿಯುತ್ತದೆ. ಹೇಳಲು ಸುಲಭ. ಆದರೆ ಎಲ್ಲ ಕಾಲುಗಳನ್ನೂ ಬೆಂಗಳೂರಿಗೆ ವಾಪಸ್ ಕಳಿಸಿ, ಬಿಚ್ಚಿ, ಮತ್ತೆ ಜೋಡಿಸಿ, ಪರೀಕ್ಷೆ ಮಾಡಬೇಕಿತ್ತು. ಕಂಪನಿಯ ಮೇಲಿನವರು ಫೋನ್ ಮಾಡಿ, ಇಷ್ಟು ಸಣ್ಣ ವಿಷಯಕ್ಕೆ ಟ್ರಯಲ್ ತಡ ಮಾಡುವುದು ಸರಿಯೇ ಎಂದರು. ಬದಲಾಗದ ಕಾಲನ್ನು ನಾನು ಯಾರಿಗೂ ಹಾಕುವುದಿಲ್ಲ ಎಂದೆ. ಸಿಟ್ಟಿನಿಂದ ಹೇಳಲಿಲ್ಲ. ಆದರೆ ಎರಡನೇ ಸಲ ಕೇಳಿದಾಗಲೂ ಅದನ್ನೇ ಹೇಳಿದೆ. ಈ ವಿಷಯದಲ್ಲಿ ಪ್ರಣವ್ ನನ್ನ ಪರ ನಿಂತ. ಕಾಲುಗಳು ಬೆಂಗಳೂರಿಗೆ ಹೋಗಿ ಬಂದವು.

ಜನವರಿಯಲ್ಲಿ ಸರೋಜಮ್ಮನಿಗೆ ಕಾಲು ಜೋಡಿಸಿದೆವು. ಉಳಿದ ತೊಡೆಗೆ ಸರಿಯಾಗಿ ಕೂರುವ ಬಟ್ಟಲಿನಂಥ ಭಾಗಕ್ಕೆ ಸಾಕೆಟ್ ಎನ್ನುತ್ತಾರೆ. ಅದು ಒಂದಿಷ್ಟು ಹೆಚ್ಚುಕಮ್ಮಿಯಾದರೂ ಚರ್ಮ ಉಜ್ಜಿ ಗಾಯವಾಗುತ್ತದೆ. ಅವರದು ಮೂರನೇ ಸಲಕ್ಕೆ ಹೊಂದಿತು. ಗಿಡ್ಡ ಸ್ಟೂಲಿನಿಂದ ಮೊದಲ ಸಲ ಎದ್ದಾಗ ಮಂಡಿ ಕೆಳಗಿನಿಂದ ಒತ್ತಿದ್ದಕ್ಕೆ ಅವರು ಹೆದರಿ ನನ್ನ ಹೆಗಲು ಹಿಡಿದರು. ಮತ್ತೆ ಕೂತರು. ಮತ್ತೆ ಎದ್ದರು. ಆಮೇಲೆ ಯಾರೂ ಹೇಳದಿದ್ದರೂ ಎದ್ದು ಕೂತು ಎದ್ದು ಕೂತು ಮಾಡುತ್ತಲೇ ಇದ್ದರು.

“ಯಾರೋ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ ಹಾಗೆ ಇದೆ,” ಎಂದರು. “ಆದ್ರೆ ಯಾರೂ ಇಲ್ಲ.”

ತಿಂಗಳೊಳಗೆ ಅವರು ಮನೆಯ ಮುಂದಿನ ಕಲ್ಲಿನ ಮೆಟ್ಟಿಲುಗಳನ್ನು ಒಂದು ಕಾಲಾದ ಮೇಲೆ ಇನ್ನೊಂದು ಕಾಲು ಇಟ್ಟು ಹತ್ತತೊಡಗಿದರು. ಅಲ್ಲಿಯವರೆಗೆ ಪ್ರತಿ ಮೆಟ್ಟಿಲಿಗೂ ಒಳ್ಳೆಯ ಕಾಲನ್ನು ಮೊದಲಿಟ್ಟು, ಇನ್ನೊಂದನ್ನು ಎಳೆದುಕೊಳ್ಳುತ್ತಿದ್ದರು. ಕೆರೆಕಟ್ಟೆಯ ಅಕ್ಕನ ಮನೆಗೆ ಬಸ್ಸಿನಲ್ಲಿ ಒಬ್ಬರೇ ಹೋಗಿ ಬಂದು, ನನಗೆ ಫೋನ್ ಮಾಡಿ ಸುದ್ದಿ ಹೇಳಿದರು. ಬಸ್ಸಿನ ಮೆಟ್ಟಿಲು ಎತ್ತರ. ಕಂಡಕ್ಟರ್ ಕೈ ಚಾಚಿದನಂತೆ, ಇವರು ಹಿಡಿಯಲಿಲ್ಲವಂತೆ.

ನಂತರ ಒಲೆಯ ವಿಷಯ ಬಂತು. ಟ್ರಯಲ್ಲಿನ ನಿಯಮದಲ್ಲಿ ನಡಿಗೆ, ಮೆಟ್ಟಿಲು, ಇಳಿಜಾರು ಇತ್ತು. ಅಡುಗೆಮನೆ ಇರಲಿಲ್ಲ. ಬೇಡ ಎಂದಿದ್ದರೆ ಅವರು ನಮಗೆ ಹೇಳದೆ ಹೋಗುತ್ತಿದ್ದರು ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಎಥಿಕ್ಸ್ ಕಮಿಟಿಗೆ, ಅಂದರೆ ಇಂಥ ಪ್ರಯೋಗಗಳಲ್ಲಿ ಜನರ ಸುರಕ್ಷತೆ ನೋಡಿಕೊಳ್ಳುವ ಸಮಿತಿಗೆ ಬರೆದು, ಕೆಲಸದ ಜಾಗದಲ್ಲೂ ಪರೀಕ್ಷೆ ಮಾಡಲು ಒಪ್ಪಿಗೆ ತೆಗೆದುಕೊಂಡೆ. ಸಮಿತಿ ಹಾಕಿದ ಷರತ್ತು, ನಾನೂ ಪ್ರಣವನೂ ಸ್ಥಳದಲ್ಲಿ ಇರಬೇಕು, ಸರೋಜಮ್ಮ ಬಿಸಿ ಪಾತ್ರೆ ಮುಟ್ಟಬಾರದು. ಸರೋಜಮ್ಮ ಒಪ್ಪಿದರು. ಮೊದಲು ಲಲಿತಾಳ ಮನೆಯ ಅಂಗಳದಲ್ಲಿ ಬೆಂಕಿಯಿಲ್ಲದ ಒಲೆ, ತಣ್ಣೀರು ತುಂಬಿದ ಪಾತ್ರೆ ಇಟ್ಟು ಅಭ್ಯಾಸ ಮಾಡಿದೆವು. ಒದ್ದೆ ನೆಲ, ತಿರುಗುವುದು, ಬಗ್ಗುವುದು, ಸೌಟು ತಿರುವುವುದು, ಯಾವುದರಲ್ಲೂ ತೊಂದರೆಯಾಗಲಿಲ್ಲ. ನೀರು ಸಿಡಿಯದಿರಲಿ ಎಂದು ಲಲಿತಾ ಮಂಡಿಯ ಸುತ್ತ ಒಂದು ದಪ್ಪ ಟವೆಲ್ ಸುತ್ತಿ ಕಟ್ಟಿದಳು. ಒಳ್ಳೆಯ ಯೋಚನೆ ಎಂದು ನಾವಿಬ್ಬರೂ ತಲೆ ಆಡಿಸಿದೆವು.

ಮೊದಲ ನಿಜವಾದ ಊಟ ಬೇಗಾರಿನ ಸಮುದಾಯ ಭವನದಲ್ಲಿ, ಒಂದು ನಿಶ್ಚಿತಾರ್ಥ. ಭವನದ ಹಿಂದೆ ತಗಡಿನ ಮಾಡಿನ ಅಡುಗೆ ಶೆಡ್ಡು, ಅದರಲ್ಲಿ ಸೌದೆಯ ಸಾಲು ಒಲೆ. ಬೆಳಗಿನ ತಿಂಡಿ ಸುಸೂತ್ರವಾಗಿ ಮುಗಿಯಿತು. ಸರೋಜಮ್ಮ ಸೀರೆ ಎತ್ತಿ ಸಿಕ್ಕಿಸಿ ಒಲೆಯಿಂದ ಒಲೆಗೆ ಹೋಗುತ್ತಿದ್ದರು. ಹುಳಿಗೆ ಎಷ್ಟು ಉಪ್ಪು ಎಂದು ಹೇಳಿದರು, ಪಾಯಸದ ಬೆಲ್ಲ ಸೋಸಲಿಲ್ಲವೆಂದು ಒಬ್ಬಳನ್ನು ಗದರಿದರು. ಗದರಿಸಿಕೊಂಡವಳು ನನ್ನ ಕಡೆ ತಿರುಗಿ, “ಸರಿಯಾದ್ರು ನಮ್ಮ ಅಕ್ಕ,” ಎಂದು ನಕ್ಕಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಪ್ರಣವ್ ಹೊರಗೆ ಕಾರಿನಲ್ಲಿ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಲು ಹೋಗಿದ್ದ.

ಮಧ್ಯಾಹ್ನದ ಅನ್ನ ಬಸಿಯುವ ಹೊತ್ತು. ದೊಡ್ಡ ಕೊಪ್ಪರಿಗೆಯನ್ನು ಲಲಿತಾ ಒಂದು ಕಡೆ, ಇನ್ನೊಬ್ಬ ಹೆಂಗಸು ಇನ್ನೊಂದು ಕಡೆ ಹಿಡಿಕೆಯ ಬಳೆ ಹಿಡಿದು ಒಲೆಯಿಂದ ಇಳಿಸಿ, ಬಸಿಯುವ ಕಟ್ಟೆಯ ಕಡೆ ತರುತ್ತಿದ್ದರು. ಒಳಗೆ ಕುದಿಯುವ ಗಂಜಿ. ಆ ಹೆಂಗಸಿನ ಕಾಲು ಒದ್ದೆ ನೆಲದಲ್ಲಿ ಜಾರಿತು. ಅವಳ ಕೈಯಿಂದ ಬಳೆ ಬಿಟ್ಟುಹೋಗುವುದಕ್ಕೂ, ಪಕ್ಕದಲ್ಲೇ ಇದ್ದ ಸರೋಜಮ್ಮ ಹೆಗಲ ಮೇಲಿನ ಮಸಿಬಟ್ಟೆ ಹಾಕಿ ಅದನ್ನು ಹಿಡಿಯುವುದಕ್ಕೂ ನಡುವೆ ಹೆಚ್ಚು ಹೊತ್ತಿರಲಿಲ್ಲ. ಜಾರಿದವಳು ಪಾತ್ರೆಯ ಕೆಳಗೇ ಬಿದ್ದಿದ್ದಳು. ಸರೋಜಮ್ಮ ಹಿಡಿಯದಿದ್ದರೆ ಆ ಗಂಜಿ ಅವಳ ಮೇಲೆ ಸುರಿಯುತ್ತಿತ್ತು.

ಅದೇ ಕ್ಷಣಕ್ಕೆ ಕೃತಕ ಕಾಲಿನ ಅಲಾರಂ ಕೂಗಿತು. ಮೋಟಾರು ಆಫ್ ಆಗುತ್ತಿದೆ ಎಂಬ ಸೂಚನೆ ಅದು.

ನಾನು ಓಡಿದೆ. ಕೆಲವೇ ಮಾರು ದೂರ, ಆದರೆ ತಲುಪುವುದು ಆಗುವುದಿಲ್ಲವೆಂದು ಓಡುವಾಗಲೇ ಗೊತ್ತಿತ್ತು. ಸರೋಜಮ್ಮನ ಪೂರ್ತಿ ಭಾರ, ಅರ್ಧ ಕೊಪ್ಪರಿಗೆಯ ಭಾರ, ಎರಡೂ ಆ ಮಂಡಿಯ ಮೇಲಿತ್ತು. ಮಂಡಿ ಬಗ್ಗತೊಡಗಿತು. ಕುಸಿಯಲಿಲ್ಲ, ಬಗ್ಗತೊಡಗಿತು. ಸರೋಜಮ್ಮ ದನಿ ಏರಿಸಲಿಲ್ಲ.

“ಲಲಿತಾ, ನನ್ನ ಕಾಲು ಕೂರ್ತಾ ಇದೆ. ನೀನೂ ನನ್ನ ಜೊತೆ ಬಗ್ಗು. ಮೆಲ್ಲಗೆ.”

ಲಲಿತಾ ಅವರ ಮುಖವನ್ನೇ ನೋಡುತ್ತಾ ಬಗ್ಗಿದಳು. ಬಿದ್ದಿದ್ದವಳು ಅಂಡು ಎಳೆದುಕೊಂಡು ಹಿಂದಕ್ಕೆ ಸರಿದಳು. ಇಬ್ಬರೂ ಒಟ್ಟಿಗೆ, ದೇವರ ಪಲ್ಲಕ್ಕಿ ಇಳಿಸಿದ ಹಾಗೆ, ಆ ಕೊಪ್ಪರಿಗೆಯನ್ನು ನೆಲಕ್ಕೆ ತಂದರು. ಅಂಚಿನಿಂದ ಒಂದಿಷ್ಟು ಗಂಜಿ ಚೆಲ್ಲಿ ಚರಂಡಿಯ ಕಡೆ ಹರಿಯಿತು. ಪಾತ್ರೆ ನೆಲ ಮುಟ್ಟಿದ ಮೇಲೆ ಸರೋಜಮ್ಮ ಅದರ ಪಕ್ಕದಲ್ಲೇ ಕೂತರು. ನಾನು ಅವರ ಹಿಂದಿನಿಂದ ಎರಡೂ ಕಂಕುಳಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಅದರ ಅಗತ್ಯವೇ ಇರಲಿಲ್ಲ.

ಯಾರಿಗೂ ಸುಟ್ಟಿರಲಿಲ್ಲ. ಸರೋಜಮ್ಮನ ಮಣಿಕಟ್ಟು ಮಾತ್ರ ಹಬೆಗೆ ಕೆಂಪಾಗಿತ್ತು. ನಾನು ಅದರ ಮೇಲೆ ತಣ್ಣೀರು ಹಾಕುತ್ತಿದ್ದರೆ, ಅವರು ಲಲಿತಾಳಿಗೆ, “ಅನ್ನ ಮುದ್ದೆ ಆಗ್ತದೆ, ಬಸಿಯೇ ಬೇಗ,” ಎನ್ನುತ್ತಿದ್ದರು. ಲಲಿತಾ ಬಸಿದಳು. ಬಸಿದು ಮುಗಿಸಿ, ಸೌದೆ ರಾಶಿಯ ಹಿಂದೆ ಹೋಗಿ ಅತ್ತಳು. ಹೊರಗೆ ಪಂಕ್ತಿಯಲ್ಲಿ ಕೂತವರಿಗೆ ಏನೂ ಗೊತ್ತಾಗಲಿಲ್ಲ. ಅನ್ನ ಸ್ವಲ್ಪ ತಡವಾಗಿ ಬಂತು ಎಂದುಕೊಂಡಿರಬಹುದು.

ಪ್ರಣವ್ ಬಂದು ಟವೆಲ್ ಬಿಚ್ಚಿದ. ಮಂಡಿಯ ಹೊರಕವಚ ಕೈ ಇಡಲಾರದಷ್ಟು ಬಿಸಿಯಾಗಿತ್ತು. ಕಾರಣ ಅಲ್ಲೇ ಗೊತ್ತಾಯಿತು, ಆಮೇಲೆ ಕಾಲಿನ ಮೆಮೊರಿಯಲ್ಲಿದ್ದ ಮಾಹಿತಿಯೂ ಅದನ್ನೇ ಹೇಳಿತು. ನಡೆಯುವಾಗ ಮೋಟಾರು ಆಗಾಗ ಕೆಲಸ ಮಾಡಿ ಆಗಾಗ ವಿರಮಿಸುತ್ತದೆ. ಒಲೆಯ ಮುಂದೆ ನಿಂತಾಗ ಸರೋಜಮ್ಮನ ಮಂಡಿ ಸ್ವಲ್ಪ ಬಗ್ಗಿಯೇ ಇರುತ್ತಿತ್ತು, ಆ ಬಾಗಿದ ಮಂಡಿಯನ್ನು ಹಿಡಿದು ನಿಲ್ಲಿಸಲು ಮೋಟಾರು ಬೆಳಗಿನಿಂದ ಬಿಡುವಿಲ್ಲದೆ ದುಡಿದಿತ್ತು. ಎದುರಿಗೆ ಬೆಂಕಿಯ ಶಾಖ, ಸುತ್ತ ಟವೆಲ್. ಬಿಸಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಕೊನೆಗೆ ಸುಟ್ಟುಹೋಗದಂತೆ ಮೋಟಾರು ತನ್ನನ್ನು ತಾನೇ ಆಫ್ ಮಾಡಿಕೊಂಡಿತ್ತು.

ಪ್ರಣವ್ ಟವೆಲನ್ನು ಮಡಚಿ ಪಕ್ಕಕ್ಕಿಟ್ಟ. ಆಮೇಲೆ, “ಸ್ಪ್ರಿಂಗ್ ಬದಲಾಯಿಸದೆ ಇದ್ದಿದ್ದರೆ,” ಎಂದು ಶುರು ಮಾಡಿದ. ನಾನು ಅವನ ಬೆನ್ನು ತಟ್ಟಿ, ಊಟ ಮಾಡು ಹೋಗು ಎಂದೆ. ಆ ಮಾತನ್ನು ಪೂರ್ತಿ ಮಾಡುವುದು ಇಬ್ಬರಿಗೂ ಬೇಕಿರಲಿಲ್ಲ.

ಇಂಥ ಘಟನೆ ನಡೆದರೆ ಕಮಿಟಿಗೆ ವರದಿ ಕೊಡಬೇಕು, ತೀರ್ಮಾನವಾಗುವವರೆಗೆ ಪ್ರಯೋಗ ನಿಲ್ಲಿಸಬೇಕು. ಕಾಲನ್ನೂ ಪರೀಕ್ಷೆಗೆ ಕಳಿಸಬೇಕು. ಮರುದಿನ ನಾನು ಮೇಗುಂದಕ್ಕೆ ಹೋದಾಗ ಸರೋಜಮ್ಮ ಅದನ್ನು ಆಗಲೇ ಬಿಚ್ಚಿ, ಒರೆಸಿ, ಜಗಲಿಯ ಮೇಲೆ ಇಟ್ಟಿದ್ದರು. ಹಳೆಯ ಕಾಲು ಹಾಕಿಕೊಂಡಿದ್ದರು.

“ಮುಟ್ಟಬಾರ್ದು ಅಂದಿದ್ರಿ, ಮುಟ್ಟಿದೆ,” ಎಂದರು. “ತಗೊಂಡು ಹೋಗ್ತೀರಿ ಅಂತ ಗೊತ್ತಿತ್ತು.”

“ಪರೀಕ್ಷೆಗೆ ತಗೊಂಡು ಹೋಗ್ತಾ ಇದ್ದೇನೆ. ನೀವು ಮುಟ್ಟಿದ್ದಕ್ಕೆ ಅಲ್ಲ.”

“ವಾಪಸ್ ಬರ್ತದಾ?”

ಹೌದು ಎನ್ನಲು ನನಗೆ ಅಧಿಕಾರವಿರಲಿಲ್ಲ. ಇಲ್ಲ ಎನ್ನಲು ಮನಸ್ಸಿರಲಿಲ್ಲ. ಗೊತ್ತಿಲ್ಲ, ಆದರೆ ನಾನು ಕೇಳುತ್ತೇನೆ ಎಂದೆ. ಅವರು ಕಾಫಿ ಮಾಡಲು ಏಳುವಾಗ ಗೋಡೆ ಹಿಡಿದು, ಒಳ್ಳೆಯ ಕಾಲಿನ ಮೇಲೆ ಭಾರ ಹಾಕಿ ಎದ್ದರು. ಹೊಸ ಕಾಲು ಬಂದ ಮೇಲೆ ನಾನು ಅದನ್ನು ನೋಡಿರಲಿಲ್ಲ. ಆ ಕಾಫಿಯನ್ನು ಕುಡಿದು ಮುಗಿಸುವುದು ಕಷ್ಟವಾಯಿತು.

ವರದಿಯಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆದೆ. ಬಿಸಿ ಪಾತ್ರೆ ಮುಟ್ಟಬಾರದೆಂಬ ಷರತ್ತು ಮುರಿಯಿತು ಎಂದೂ ಬರೆದೆ, ಅದು ಮುರಿದದ್ದರಿಂದ ಒಬ್ಬ ಹೆಂಗಸಿನ ಮೈ ಸುಡುವುದು ತಪ್ಪಿತು ಎಂದೂ ಬರೆದೆ. ಕಂಪನಿಯಲ್ಲಿ ಒಂದಿಬ್ಬರು, ಇವರನ್ನು ಟ್ರಯಲ್ಲಿನಿಂದ ಬಿಡುವುದೇ ಕ್ಷೇಮ ಎಂದರಂತೆ. ಪ್ರಣವ್ ಒಪ್ಪಲಿಲ್ಲ. ಲ್ಯಾಬಿನ ಸಮತಟ್ಟು ನೆಲದಲ್ಲಿ ನಡೆದವರಿಂದ ನಮಗೆ ಸಿಗದಿದ್ದ ತಪ್ಪು ಇವರಿಂದ ಸಿಕ್ಕಿದೆ, ಇವರನ್ನೇ ಬಿಟ್ಟರೆ ಟ್ರಯಲ್ ಯಾಕೆ ಎಂದು ಮೀಟಿಂಗಿನಲ್ಲಿ ಕೇಳಿದನಂತೆ. ವಾರಗಳು ಕಳೆದವು. ಆ ದಿನಗಳಲ್ಲಿ ಸರೋಜಮ್ಮ ನನಗೆ ಒಮ್ಮೆಯೂ ಫೋನ್ ಮಾಡಲಿಲ್ಲ. ಲಲಿತಾ ಮಾತ್ರ ಎರಡು ಸಲ ಮಾಡಿ, ಏನಾಯಿತು ಎಂದು ನೇರವಾಗಿ ಕೇಳದೆ, ಊಟ ಆಯಿತಾ, ಊರಿಗೆ ಹೋಗಿದ್ದಿರಾ ಎಂದೆಲ್ಲ ಕೇಳಿ ಇಟ್ಟಳು.

ಏಪ್ರಿಲ್ಲಿನಲ್ಲಿ ಒಂದು ಬೆಳಿಗ್ಗೆ ನಾನು ನರಸಿಂಹರಾಜಪುರದ ಬಸ್ ನಿಲ್ದಾಣದಲ್ಲಿದ್ದಾಗ ಪ್ರಣವನ ಫೋನ್ ಬಂತು. “ಕಂಪನಿ, ಕಮಿಟಿ ಎಲ್ಲರೂ ಒಪ್ಪಿದರು ಮೇಡಂ. ಸರೋಜಮ್ಮ ಇರ್ತಾರೆ. ಬದಲಾವಣೆಯೂ ಮುಗಿದಿದೆ, ನಾನೇ ತಗೊಂಡು ಬರ್ತಾ ಇದ್ದೇನೆ.” ನಿಲ್ದಾಣದ ಬೆಂಚಿನ ಮೇಲೆ ಕೂತೆ. ನಾನು ಹೋಗಬೇಕಾಗಿದ್ದ ಬಸ್ಸು ಹೊರಟುಹೋಯಿತು. ಹೋಗಲಿ ಎನಿಸಿತು.

ಫೋನಿನಲ್ಲಿ ಹೇಳಬಾರದೆಂದು ಮೇಗುಂದಕ್ಕೇ ಹೋದೆ. ಸರೋಜಮ್ಮ ಹಿತ್ತಲ ಬಾಗಿಲಲ್ಲಿ ಕೂತು ಎಳೆ ಹಲಸಿನಕಾಯಿ ಹೆಚ್ಚುತ್ತಿದ್ದರು. ಅಂಟಾಗದಂತೆ ಕೈಗೆ ಎಣ್ಣೆ ಸವರಿಕೊಂಡಿದ್ದರು. ನಾನು ಹೇಳಿದ್ದನ್ನು ಕೇಳಿ ಕೈ ನಿಲ್ಲಿಸಿದರು.

“ಹಂಗಾರೆ ಮುಂದಿನ ತಿಂಗಳ ಕೊಪ್ಪದ ಮದುವೆ ಒಪ್ಕೊಳ್ಳಬೋದಾ?” ಎಂದರು.

“ಒಪ್ಪಿಕೊಳ್ಳಿ.”

“ಲಲಿತಂಗೆ ನೀವೇ ಹೇಳಿ. ನಾನು ಹೇಳಿದ್ರೆ ಅಳ್ತಾಳೆ,” ಎಂದರು. ಹಾಗೆನ್ನುವಾಗ ಅವರ ಕಣ್ಣೇ ತುಂಬಿತ್ತು. ಎಣ್ಣೆಗೈಯಲ್ಲಿ ಒರೆಸಿಕೊಳ್ಳಲಾಗದೆ ಹೆಗಲಿಗೆ ಕೆನ್ನೆ ಉಜ್ಜಿಕೊಂಡರು.

ಹೊಸದಾಗಿ ಮಾಡಿದ ಬದಲಾವಣೆ ದೊಡ್ಡದೇನಲ್ಲ. ಒಂದೇ ಕಡೆ ನಿಂತರೆ ಮೋಟಾರು ವಿರಮಿಸಿ, ಎಣ್ಣೆಯ ಸಿಲಿಂಡರೇ ಮಂಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬಿಸಿ ಏರತೊಡಗಿದರೆ ಎಚ್ಚರಿಕೆ ಬಹಳ ಮೊದಲೇ ಬರುತ್ತದೆ. ಟವೆಲ್ಲಿನ ಬದಲು ಗಾಳಿಯಾಡುವ, ನೀರು ಇಳಿಯದ ಒಂದು ತೆಳು ಕವಚ ಮಾಡಿಸಿದೆವು. ಕೊಪ್ಪದ ಮದುವೆಯಲ್ಲಿ ಪ್ರಣವ್ ಲ್ಯಾಪ್‌ಟಾಪ್ ಹಿಡಿದು ಒಲೆಯ ಪಕ್ಕದಲ್ಲೇ ನಿಂತ, ಬೆವರಿ ಅಂಗಿ ಮೈಗಂಟಿದರೂ ಕದಲಲಿಲ್ಲ. ಅಲಾರಂ ಕೂಗಲಿಲ್ಲ. ಅನ್ನವನ್ನು ಲಲಿತಾ ಮತ್ತು ಇನ್ನೊಬ್ಬಳು ಬಸಿದರು. ಸರೋಜಮ್ಮ ಎರಡು ಹೆಜ್ಜೆ ದೂರ ನಿಂತು, ಕೈ ಸೊಂಟದ ಮೇಲಿಟ್ಟು, ಇಬ್ಬರಿಗೂ ಹೇಳುವುದನ್ನು ಹೇಳಿದರು. ಟ್ರಯಲ್ ಮುಗಿದ ಮೇಲೆ ಆ ಕಾಲು ಅವರಲ್ಲೇ ಉಳಿಯಿತು. ಈಗಲೂ ಅದೇ ಕಾಲಿನಲ್ಲಿ ಮದುವೆಮನೆಗಳಿಗೆ ಹೋಗುತ್ತಾರೆ.

ನಾನು ಆಮೇಲೆ ಬೇರೆ ಮಂಡಿಗಳನ್ನು, ಬೇರೆ ಪಾದಗಳನ್ನು ಪರೀಕ್ಷಿಸಿದ್ದೇನೆ. ಎಂಜಿನಿಯರುಗಳು ಪೆಟ್ಟಿಗೆ ಬಿಚ್ಚಿದ ಕೂಡಲೇ ಅದು ಏನೇನು ಮಾಡಬಲ್ಲದು ಎಂದು ತೋರಿಸಲು ಆತುರಪಡುತ್ತಾರೆ. ಅದು ಸಹಜ. ನಾನು ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು, ಯಂತ್ರವನ್ನು ನಂಬಿ ನಿಂತ ಮನುಷ್ಯನಿಗೆ ಯಂತ್ರ ಕೈಬಿಡುವಾಗಲೂ ಸ್ವಲ್ಪ ಸಮಯ ಕೊಡಬೇಕು, ಅಷ್ಟು ಕೊಟ್ಟರೆ ಉಳಿದದ್ದನ್ನು ಆ ಮನುಷ್ಯ ನೋಡಿಕೊಳ್ಳುತ್ತಾನೆ. ಆದ್ದರಿಂದ ಬೆಳಿಗ್ಗೆ ಮೊದಲ ಕೆಲಸವಾಗಿ ಕಾಲು ತೊಟ್ಟವರನ್ನು ನಿಲ್ಲಿಸಿ, ಹಿಂದೆ ಕುರ್ಚಿ ಇಟ್ಟು, ಅವರಿಗೆ ಹೇಳಿಯೇ ಪವರ್ ತೆಗೆಸುತ್ತೇನೆ. ಮಂಡಿ ಮಣಿಯುತ್ತದೆ, ಅವರು ಮೆಲ್ಲಗೆ ಕೆಳಗೆ ಬರುತ್ತಾರೆ. ಕುರ್ಚಿ ಅವರಿಗೆ ತಾಗಿದ ಮೇಲೆಯೇ ನಾನು ಅವರ ಹೆಗಲಿನಿಂದ ಕೈ ತೆಗೆಯುವುದು.